ಓದುಗರ ಸ್ಪಂದನ: ‘ಟೊರಾಂಟೊಗೆ ಹೋಗಲೇಬೇಕು, ವಿಮಾನ ಅಂದ್ರೆ ಕೈಕಾಲು ತಣ್ಣಗಾಗುತ್ತೆ’

ನಾಪೋಕ್ಲು ಹತ್ತಿರದ ಓದುಗರೊಬ್ಬರು ಕಳೆದ ಸಲ ಹೀಗೆ ಬರೆದಿದ್ದರು: “ಮಗಳು ಟೊರಾಂಟೊದಲ್ಲಿದ್ದಾಳೆ. ಚೊಚ್ಚಲ ಹೆರಿಗೆ, ಬಾಣಂತನಕ್ಕೆ ನಾನೇ ಹೋಗಬೇಕು. ಬೆಂಗಳೂರಿಂದ ದುಬೈಗೆ 4 ಗಂಟೆ, ಅಲ್ಲಿಂದ ಸುಮಾರು 14 ಗಂಟೆ. ಹಿಂದೆ ದೆಹಲಿಗೆ ಹೋಗಿ ಬರುವಾಗಲೇ ಕಣ್ಣು ಮುಚ್ಚಿ ಸೀಟು ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ. ವಿಮಾನ ಸ್ವಲ್ಪ ಅಲುಗಿದರೂ ಉಸಿರು ಸಿಗೋದಿಲ್ಲ. ಅಹಮದಾಬಾದಿನ ಅಪಘಾತ ಟೀವಿಯಲ್ಲಿ ನೋಡಿದ ಮೇಲಂತೂ ಕೇಳೋದೇ ಬೇಡ. ಯಜಮಾನರು ಮಿಲಿಟರಿಯಲ್ಲಿದ್ದವರು, ‘ಕೊಡಗಿನವಳಾಗಿ ಹೆದರ್ತೀಯಾ’ ಅಂತ ನಗ್ತಾರೆ. ಟಿಕೆಟ್ ಆಗಿದೆ. ಏನು ಮಾಡಲಿ?” ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಾನು ವಾಯುಪಡೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿಮಾನ ಹಾರಿಸಿದವನಲ್ಲ, ರಿಪೇರಿ ಮಾಡಿದವನು. ನಿಮ್ಮ ಪತ್ರ ಓದಿದಾಗ ನನಗೆ ಹೊಳೆದಿದ್ದು ಇಷ್ಟೇ: ದೆಹಲಿಗೆ ಹೋಗುವಾಗ ನೀವು ಕಣ್ಣು ಮುಚ್ಚಿದಿರಿ, ಕಿವಿ ಮುಚ್ಚಲಿಲ್ಲ. ಹೆದರುವವರನ್ನು ಇನ್ನೂ ಹೆದರಿಸೋದು ಶಬ್ದ. ಯಾವ ಸದ್ದು ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಎಷ್ಟೋ ವಾಸಿ.

ಹೇಳ್ತೀನಿ ಕೇಳಿ. ಏರ್‌ಬಸ್ 320 ಥರದ ಸಣ್ಣ ವಿಮಾನವಾದರೆ ಹೊರಡುವ ಮೊದಲು ಕಾಲಡಿಯಿಂದ ನಾಯಿ ಬೊಗಳಿದಂತೆ ಸದ್ದು ಬರಬಹುದು. ಅದು ಹೈಡ್ರಾಲಿಕ್ ಪಂಪು. ನೆಲ ಬಿಟ್ಟು ಕೆಲವು ಸೆಕೆಂಡಿಗೆ ಧಡ್ ಅನ್ನುತ್ತೆ, ಚಕ್ರ ಒಳಗೆ ಹೋಗಿ ಬಾಗಿಲು ಮುಚ್ಚಿದ್ದು. ಆಮೇಲೆ ಬರೋದೇ ಎಲ್ಲರನ್ನೂ ಕಂಗೆಡಿಸುವ ಘಳಿಗೆ. ಸುಮಾರು ಒಂದು ನಿಮಿಷ ಆಗುವಷ್ಟರಲ್ಲಿ ಎಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ತಗ್ಗುತ್ತೆ, ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ ಆಗುತ್ತೆ, ಎಂಜಿನ್ ಕೆಟ್ಟಿತು ಅಂತ ಮನಸ್ಸು ಹೇಳುತ್ತೆ. ಕೆಟ್ಟಿರೋದಿಲ್ಲ. ನೆಲ ಬಿಡೋಕೆ ಬೇಕಿದ್ದಷ್ಟು ಬಲ ಈಗ ಬೇಡ ಅಂತ ತಗ್ಗಿಸಿರ್ತಾರೆ, ವಿಮಾನ ಏರ್ತಾನೇ ಇರುತ್ತೆ. ರೆಕ್ಕೆಯ ಹಿಂಭಾಗದ ಫ್ಲಾಪ್ ಒಳಗೆ ಹೋಗುವಾಗ ಗುಯ್ಯ್ ಅನ್ನೋ ಸದ್ದು. ಆಗಾಗ ಟಿಂಗ್ ಅನ್ನೋದು ಸಿಬ್ಬಂದಿ ಒಬ್ಬರನ್ನೊಬ್ಬರು ಕರೆಯೋ ಗಂಟೆ, ಯಾರೋ ನೀರು ಕೇಳಿದರೂ ಅದೇ. ಇಳಿದ ಮೇಲೆ ಜೋರಾಗಿ ಮೊರೆಯೋದು ಬ್ರೇಕಿಗೆ ಸಹಾಯವಾಗಲಿ ಅಂತ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿದ್ದು. ಇನ್ನೇನು ಇಳಿದೇಬಿಟ್ಟಿತು ಅನ್ನುವಾಗ ಮತ್ತೆ ಮೇಲಕ್ಕೆ ಎದ್ದರೂ ಗಾಬರಿ ಬೇಡ. ರನ್‌ವೇ ಸರಿ ಕಾಣದಿದ್ದರೆ, ಗಾಳಿ ಸರಿ ಇಲ್ಲದಿದ್ದರೆ ಒಂದು ಸುತ್ತು ಹಾಕಿ ಬರ್ತಾರೆ. ಹಾಗೆ ಮಾಡುವ ಪೈಲಟ್ ಒಳ್ಳೆಯ ಪೈಲಟ್.

ಕಿಟಕಿಯಿಂದ ನೋಡಿದರೆ ರೆಕ್ಕೆ ಮೇಲೆ ಕೆಳಗೆ ಬಳುಕುತ್ತೆ. ಬಳುಕಬೇಕು, ಬಳುಕದಿದ್ದರೆ ಮುರಿದೀತು. ಹೊಸ ಮಾದರಿಯ ವಿಮಾನ ತಯಾರಾದಾಗ, ಹಾರಾಟದಲ್ಲಿ ಬರಬಹುದಾದ ಅತಿ ದೊಡ್ಡ ಭಾರದ ಒಂದೂವರೆ ಪಟ್ಟು ಹೇರಿ ರೆಕ್ಕೆ ಪರೀಕ್ಷೆ ಮಾಡ್ತಾರೆ. ಇನ್ನು ಎಂಜಿನ್ ನಿಂತರೆ? ಒಂದು ನಿಂತರೆ ಇನ್ನೊಂದರಲ್ಲೇ ಗಂಟೆಗಟ್ಟಲೆ ಹಾರಿ ಇಳಿಯಬಹುದು. ಎರಡೂ ನಿಂತರೂ ಅಷ್ಟು ಎತ್ತರದಿಂದ ಕಲ್ಲಿನ ಹಾಗೆ ಬೀಳೋದಿಲ್ಲ, ತೇಲಿಕೊಂಡು ಬರುತ್ತೆ. 2001ರ ಆಗಸ್ಟ್‌ನಲ್ಲಿ ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ವಿಮಾನದ ಇಂಧನ ಅಟ್ಲಾಂಟಿಕ್ ಮೇಲೆ ಸೋರಿ ಖಾಲಿಯಾಯಿತು. ಎಂಜಿನ್ ಇಲ್ಲದೆ ಸುಮಾರು 120 ಕಿಲೋಮೀಟರ್ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. 306 ಜನರೂ ಬದುಕಿದರು.
— ವಾಯುಪಡೆಯ ನಿವೃತ್ತ ಟೆಕ್ನೀಷಿಯನ್, ಸೋಮವಾರಪೇಟೆ

ಬೆಂಗಳೂರಿಗೆ ಯಾಕೆ ಹೋಗ್ತೀರಿ? ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲೇ ಶುರುವಾಗಿದೆ, ವಿರಾಜಪೇಟೆ ದಾಟಿ ಮಾಕುಟ್ಟ ಇಳಿದರೆ ಇರಿಟ್ಟಿ ಆದಮೇಲೆ ಅದೇ. ಗಲ್ಫ್‌ಗೆ ಅಲ್ಲಿಂದ ವಿಮಾನ ಇವೆ. ಆರೇಳು ಗಂಟೆ ಕಾರಲ್ಲಿ ಕೂತು ವಿಮಾನದ ಬಗ್ಗೆ ಯೋಚಿಸೋದಕ್ಕಿಂತ ಎರಡೂವರೆ ಮೂರು ಗಂಟೆ ಯೋಚಿಸೋದು ವಾಸಿ ಅಲ್ವಾ? ಟಿಕೆಟ್ ಬದಲಾಯಿಸೋಕೆ ಆಗುತ್ತಾ ಕೇಳಿ. ಮಳೆಗಾಲವಾದರೆ ಮಾಕುಟ್ಟ ರಸ್ತೆ ತೆರೆದಿದೆಯಾ ಅಂತಾನೂ ಕೇಳಿ.
— ವಿರಾಜಪೇಟೆಯ ಓದುಗ

ಆಂಟಿ, ನನ್ನ ಮನೆ ಗೋಣಿಕೊಪ್ಪದಲ್ಲಿ, ಕೆಲಸ ಬೆಂಗಳೂರಲ್ಲಿ. ಆಫೀಸಿನವರು ವರ್ಷಕ್ಕೊಮ್ಮೆಯಾದರೂ ಅಮೆರಿಕಕ್ಕೆ ಕಳಿಸ್ತಾರೆ. ನನಗೂ ಭಯ ಇದೆ. ಈಗಲೂ ಇದೆ. ಅದಕ್ಕೇ ಬರೀತಿದ್ದೀನಿ, ಯಾಕಂದ್ರೆ ನಿಮಗೆ ಉತ್ತರ ಬರೆಯುವವರಲ್ಲಿ ಜಾಸ್ತಿ ಜನ ಭಯ ಇಲ್ಲದವರೇ ಇರ್ತಾರೆ. “ರಸ್ತೆಯಲ್ಲೇ ಜಾಸ್ತಿ ಅಪಾಯ, ಮೈಸೂರು ರಸ್ತೆಯಲ್ಲಿ ಕಾರಲ್ಲಿ ಹೋಗೋಕೆ ಹೆದರಲ್ಲ, ಇದಕ್ಕೆ ಯಾಕೆ ಹೆದರ್ತೀಯಾ” ಅಂತ ಎಲ್ಲರೂ ಹೇಳ್ತಾರೆ. ನಿಜವೇ. ಆದರೆ ಕೈ ಬೆವರುತ್ತಿರುವಾಗ ಅಂಕಿಅಂಶ ಯಾರಿಗೆ ಬೇಕು? ಮೇಲೆ ಬರೆದ ಅಂಕಲ್ ಒಳ್ಳೇ ಮನಸ್ಸಿಂದ ಅಜೋರ್ಸ್ ಕಥೆ ಹೇಳಿದ್ದಾರೆ, ನಾನಂತೂ ಅದನ್ನ ಓದಿ ಇಂಧನ ಸೋರುತ್ತೆ ಅನ್ನೋ ಹೊಸ ಭಯ ಕಲಿತೆ!

ನಾನು ಹೇಳೋದು ಒಂದೇ. ಭಯ ಹೋಗಲಿ, ಆಮೇಲೆ ಹೊರಡ್ತೀನಿ ಅಂತ ಕಾಯಬೇಡಿ. ಭಯ ಇಟ್ಟುಕೊಂಡೇ ಹೋಗಬಹುದು. ಹೆದರಿಕೆ ಏರುತ್ತೆ, ಒಂದು ಮಟ್ಟಕ್ಕೆ ಹೋಗುತ್ತೆ, ಮೈ ಅಷ್ಟು ಹೊತ್ತು ಅದನ್ನ ಹಿಡಿದಿಟ್ಟುಕೊಳ್ಳೋಕೆ ಆಗದೆ ತಾನಾಗಿ ಇಳಿಯುತ್ತೆ. ಮತ್ತೆ ಅಲುಗಿದರೆ ಮತ್ತೆ ಏರುತ್ತೆ. ಇಳಿಯುತ್ತೆ ಅಂತ ಗೊತ್ತಿದ್ದರೆ ಅದರ ಜೊತೆ ಜಗಳ ಆಡಬೇಕಾಗಿಲ್ಲ. ಬಂತು, ಗೊತ್ತಾಯ್ತು ಬಿಡು, ಅಂತ ಮನಸ್ಸಲ್ಲೇ ಹೇಳ್ತೀನಿ.

ಉಸಿರಿನ ವಿಷಯ ಮಾತ್ರ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಉಸಿರು ಸಿಗೋದಿಲ್ಲ ಅಂತೀರಲ್ಲ, ಅದು ಸಿಗದೆ ಅಲ್ಲ, ಗಾಬರಿಯಲ್ಲಿ ಮೇಲಿಂದ ಮೇಲೆ ಎಳೀತೀವಿ, ಬಿಡೋದು ಮರೀತೀವಿ. ಬೆರಳು ಜುಮ್ ಅನ್ನೋದು, ತಲೆ ತಿರುಗೋದು ಅದಕ್ಕೇ. ನಾಲ್ಕು ಎಣಿಸಿ ಮೂಗಿಂದ ಎಳೆದು, ಆರೋ ಏಳೋ ಎಣಿಸಿ ನಿಧಾನ ಬಾಯಿಂದ ಬಿಡಿ. ಬಿಡೋದು ಉದ್ದ ಇರಬೇಕು. ರಾತ್ರಿ ಮಲಗೋ ಮೊದಲು ದಿನಾ ಮಾಡಿ. ಅಲ್ಲಿ ಹೋಗಿ ಕಲೀತೀನಿ ಅಂದ್ರೆ ಆಗಲ್ಲ.

ಸೀಟು ರೆಕ್ಕೆಯ ಹತ್ತಿರ ತಗೊಳ್ಳಿ, ಬಾಲದ ಕಡೆ ಅಲುಗಾಟ ಜಾಸ್ತಿ. ನಿಮ್ಮಂಥವರಿಗೆ ಕಿಟಕಿಗಿಂತ ನಡುದಾರಿ ಪಕ್ಕದ್ದೇ ಒಳ್ಳೇದು, ಎದ್ದು ಓಡಾಡಬಹುದು. ಕೂತಿರುವಷ್ಟು ಹೊತ್ತು ಬೆಲ್ಟ್ ಹಾಕಿಯೇ ಇರಿ, ಅಲುಗಾಟದಲ್ಲಿ ಪೆಟ್ಟಾಗೋದು ಸಾಮಾನ್ಯವಾಗಿ ಬೆಲ್ಟ್ ಇಲ್ಲದವರಿಗೆ. ಹತ್ತುವಾಗಲೇ ಗಗನಸಖಿಗೆ “ನನಗೆ ವಿಮಾನ ಅಂದ್ರೆ ಭಯ” ಅಂತ ಹೇಳಿಬಿಡಿ. ನಾಚಿಕೆ ಯಾಕೆ? ಬೆಂಗಳೂರು-ದುಬೈ ವಿಮಾನದಲ್ಲಿ ಕನ್ನಡ ಬರುವವರು ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಇಂಗ್ಲಿಷಲ್ಲಿ ಬರೆಸಿಕೊಂಡು ಹೋಗಿ ತೋರಿಸಿ. ನಡುವೆ ಬಂದು ಮಾತಾಡಿಸಿಕೊಂಡು ಹೋಗ್ತಾರೆ. ಆಮೇಲೆ, ಆ ಅಪಘಾತದ ವೀಡಿಯೋ ನೋಡೋದು ಇವತ್ತೇ ನಿಲ್ಲಿಸಿ. ಒಂದು ನೋಡಿದರೆ ಫೋನು ಅಂಥದ್ದೇ ಹತ್ತು ತೋರಿಸುತ್ತೆ.
— ಐಟಿ ಉದ್ಯೋಗಿ, ಗೋಣಿಕೊಪ್ಪ

ಇದು ಯಜಮಾನರಿಗೆ. ಸಾರ್, ನಾನೂ ಸೇನೆಯಲ್ಲಿ ಇದ್ದವನೇ. ಸಿಯಾಚಿನ್ ಕಡೆ ಹೆಲಿಕಾಪ್ಟರಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಗಟ್ಟಿಮುಟ್ಟಾದ ಹುಡುಗರು ಬೆಳ್ಳಗಾಗಿದ್ದನ್ನ ನೋಡಿದ್ದೀನಿ. ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಿಮ್ಮ ಮನೆಯವರು ಹೇಳಿದ್ದಾರೆ. ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಪ್ರತಿಮೆ ಇದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿದವರು, ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಅವರ ಹೆಸರು ಹೇಳಿ ನಾವು ಎದೆಯುಬ್ಬಿಸಿ ಓಡಾಡೋದು ಸರಿಯೇ, ಆದರೆ ಅದನ್ನ ಹೆಂಡತಿಯನ್ನು ಹಂಗಿಸೋಕೆ ಬಳಸೋದು ಸರಿಯಲ್ಲ. ಪೈಲಟ್ ಕೈಯಲ್ಲಿ ಸ್ಟಿಕ್ ಇರುತ್ತೆ, ಮಾಡೋಕೆ ಕೆಲಸ ಇರುತ್ತೆ. ಪ್ರಯಾಣಿಕರ ಕೈಯಲ್ಲಿ ಏನಿದೆ? ಅವರ ಕಷ್ಟವೇ ಬೇರೆ. ಜೊತೆಗೆ ನೀವು ಹೋಗ್ತಿಲ್ಲ ಅಂತ ಕಾಣುತ್ತೆ. ಹೋಗೋದಾದರೆ ನಗಬೇಡಿ, ಕೈ ಕೊಡಿ ಸಾಕು.
— ಮಾಜಿ ಸೈನಿಕ, ಸುಂಟಿಕೊಪ್ಪ

ನಾನು ಗಲ್ಫ್‌ನಲ್ಲಿ ನರ್ಸ್ ಆಗಿದ್ದು ಈಗ ಕುಶಾಲನಗರದಲ್ಲಿ ಇದ್ದೀನಿ. ಮೊದಲು ಕಣ್ಣೂರಿನ ಸಲಹೆ ಬಗ್ಗೆ. ಅಮ್ಮಾ, ಟಿಕೆಟ್ ಎರಡು ತುಂಡಾಗೋದಾದರೆ ಬೇಡ. ಒಂದೇ ಟಿಕೆಟ್ ಇದ್ದರೆ ಲಗೇಜ್ ಬೆಂಗಳೂರಲ್ಲಿ ಕೊಟ್ಟರೆ ಟೊರಾಂಟೊದಲ್ಲೇ ಸಿಗುತ್ತೆ, ಮೊದಲ ವಿಮಾನ ತಡವಾದರೂ ಮುಂದಿನದರ ವ್ಯವಸ್ಥೆ ಅವರದ್ದೇ. ಭಯ ಇರುವವರಿಗೆ ದುಬೈಯಲ್ಲಿ ಬ್ಯಾಗ್ ಎಳ್ಕೊಂಡು ಓಡೋ ಕೆಲಸ ಬೇಕಾ? ಅದರ ಬದಲು ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ನೆಂಟರ ಮನೆಯಲ್ಲಿ ಮಲಗಿ ಎದ್ದು ಹೋಗಿ. ವೀಲ್‌ಚೇರ್ ಸಹಾಯ ಮೊದಲೇ ಕೇಳಿಡಿ, ಟರ್ಮಿನಲ್ಲಿನ ಉದ್ದಕ್ಕೂ ಅವರೇ ಕರ್ಕೊಂಡು ಹೋಗಿ ಬಿಡ್ತಾರೆ.

ಈಗ ಮಾತ್ರೆ. ಯಾರೋ ಕೊಟ್ಟರು ಅಂತ, ಮೆಡಿಕಲ್ ಶಾಪಲ್ಲಿ ಸಿಕ್ಕಿತು ಅಂತ ಅಲ್ಪ್ರಾಜೋಲಂ ಥರದ ಗಾಬರಿ ತಗ್ಗಿಸುವ ಮಾತ್ರೆ ನುಂಗಬೇಡಿ. ಡಾಕ್ಟರ್ ಕೊಟ್ಟರೂ ಮೊದಲ ಮಾತ್ರೆ ವಿಮಾನದಲ್ಲಿ ತಗೋಬೇಡಿ, ನಿಮ್ಮ ಮೈಗೆ ಹೇಗೆ ಆಗುತ್ತೆ ಅಂತ ಮನೆಯಲ್ಲೇ ನೋಡೋಕೆ ಅವರನ್ನೇ ಕೇಳಿ. ಅದರ ಮೇಲೆ ಒಂದು ಪೆಗ್ಗು ಅನ್ನೋ ಸಲಹೆ ನಮ್ಮೂರಲ್ಲಿ ಧಾರಾಳ ಸಿಗುತ್ತೆ, ಎರಡೂ ಸೇರಿದರೆ ಉಸಿರಾಟಕ್ಕೇ ಕುತ್ತು. ಮತ್ತು ಯುಎಇಯಲ್ಲಿ ಇಂಥ ಮಾತ್ರೆಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಕೆಲವಕ್ಕೆ ಮೊದಲೇ ಅನುಮತಿ ಬೇಕು. ಡಾಕ್ಟರ್ ಚೀಟಿ ಜೊತೆಗಿರಲಿ.

ಹಾಗೆ ನಿದ್ದೆಮಾತ್ರೆ ತಗೊಂಡು 14 ಗಂಟೆ ಅಲುಗದೆ ಮಲಗೋದೂ ಒಳ್ಳೇದಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ, ಆಗಾಗ ಎದ್ದು ನಡೀರಿ, ನೀರು ಕುಡೀರಿ. ಬಿಪಿ, ಶುಗರ್ ಇದ್ದರೆ ಹೊರಡುವ ಮೊದಲು ತೋರಿಸಿಕೊಳ್ಳಿ. ಕಾಫಿ ತೋಟದವರಿಗೆ ಹೇಳೋಕೆ ಬಾಯಿ ಬರಲ್ಲ, ಆದರೂ ಆ ದಿನ ಕಾಫಿ ಕಡಿಮೆ ಮಾಡಿ. ಎದೆ ಡವಡವ ಅನ್ನೋದಕ್ಕೆ ಅದೂ ಸೇರುತ್ತೆ.

ಉಸಿರು ಕಟ್ಟುತ್ತೆ ಅನ್ನೋರಿಗೆ ಇನ್ನೊಂದು. ವಿಮಾನ ಹಾರೋದು 35,000 ಅಡಿ ಆಸುಪಾಸಿನಲ್ಲಾದರೂ, ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ನಮ್ಮ ತಡಿಯಂಡಮೋಳ್ ತುದಿ 1,748 ಮೀಟರ್, ಅಂದ್ರೆ 5,700 ಅಡಿ ದಾಟುತ್ತೆ. ಅದಕ್ಕಿಂತ ಒಂದಿಷ್ಟು ಮೇಲೆ, ಅಷ್ಟೇ. ಇಳಿಯುವಾಗ ಕಿವಿ ಕಟ್ಟಿಕೊಳ್ಳೋದು ಸಂಪಾಜೆ ಘಾಟಿ ಇಳಿಯುವಾಗ ಆಗೋದೇ, ಕಾರಣವೂ ಒಂದೇ. ಎಂಜಲು ನುಂಗಿ, ಚಾಕ್ಲೇಟು ಚೀಪಿ.

ಹೊರಡೋಕೆ ಒಂದೆರಡು ತಿಂಗಳಿದ್ದರೆ ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ನೋಡಿ. ಇಂಥ ಭಯಕ್ಕೆ ಮಾತಿನ ಚಿಕಿತ್ಸೆ ಇದೆ, ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಒಗ್ಗಿಸ್ತಾರೆ, ಚೆನ್ನಾಗಿ ಕೆಲಸ ಮಾಡುತ್ತೆ. ಅಷ್ಟು ದೂರ ಹೋಗೋಕೆ ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು.
— ನರ್ಸ್, ಕುಶಾಲನಗರ

2018ರ ಮಳೆಯಲ್ಲಿ ನಮ್ಮ ಕಡೆ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ಈಗಲೂ ಆಗಸ್ಟ್‌ನಲ್ಲಿ ರಾತ್ರಿ ಮಳೆ ಜೋರಾದರೆ ನಾನು ಎದ್ದು ಕೂರ್ತೀನಿ. ಮನೆ ಬಿಟ್ಟು ಹೋಗಿಲ್ಲ, ತೋಟ ಬಿಟ್ಟಿಲ್ಲ. ಹೆದರಿಕೊಂಡೇ ಕೆಲಸ ಮಾಡ್ತೀನಿ. ಗೋಣಿಕೊಪ್ಪದ ಹುಡುಗಿ ಬರೆದದ್ದು ನೂರಕ್ಕೆ ನೂರು ಸರಿ.
— ಮಕ್ಕಂದೂರು

ಎಲ್ಲರೂ ಹೋಗಿ ಹೋಗಿ ಅಂತಿದ್ದೀರಿ. ಹೋಗಲೇಬೇಕು ಅಂತ ಯಾರು ಬರೆದಿಟ್ಟಿದ್ದಾರೆ? ನನ್ನ ಮನೆಯವಳು ಹೋಗಲಿಲ್ಲ. ಅಳಿಯನ ತಾಯಿ ಹೋದರು, ಮಗು ಆರು ತಿಂಗಳಾದ ಮೇಲೆ ಮಗಳೇ ಊರಿಗೆ ಬಂದು ಎರಡು ತಿಂಗಳಿದ್ದು ಹೋದಳು. ಯಾರ ಪ್ರೀತಿಯೂ ಕಡಿಮೆಯಾಗಿಲ್ಲ. ಮಗಳ ಹತ್ತಿರ ಒಮ್ಮೆ ಬಿಚ್ಚಿ ಮಾತಾಡಿ. ಅವಳಿಗೆ ಈ ಭಯದ ವಿಷಯ ಗೊತ್ತಿದೆಯೋ ಇಲ್ಲವೋ ನಿಮ್ಮ ಪತ್ರದಲ್ಲಿ ಇಲ್ಲ.
— ಶನಿವಾರಸಂತೆ

ಶನಿವಾರಸಂತೆಯವರ ಮಾತಲ್ಲಿ ಅರ್ಧ ಒಪ್ತೀನಿ, ಮಗಳಿಗೆ ಹೇಳಿ ಅನ್ನೋದನ್ನ. ಉಳಿದದ್ದು ಒಪ್ಪಲ್ಲ. ಚೊಚ್ಚಲ ಬಾಣಂತನಕ್ಕೆ ತಾಯಿ ಬೇಕು ಅಂತ ನಿಮಗೇ ಅನಿಸಿದೆ, ಇಲ್ಲದಿದ್ದರೆ ಈ ಪತ್ರವನ್ನೇ ಬರೀತಿರಲಿಲ್ಲ. ನಾನು ಮಗನ ಮನೆಗೆ ಕೆನಡಾಕ್ಕೆ ಹೋಗಿ ಬಂದವಳು. ನನ್ನ ಉಪಾಯ ಕೈಗೆ ಕೆಲಸ ಕೊಡೋದು. ಮೊಮ್ಮಗುವಿಗೆ ಟೊಪ್ಪಿ ಹೆಣೆಯೋಕೆ ಉಲ್ಲನ್ನೂ ಪ್ಲಾಸ್ಟಿಕ್ಕಿನ ಕ್ರೋಶಾ ಕಡ್ಡಿಯನ್ನೂ ಇಟ್ಟುಕೊಂಡಿದ್ದೆ (ಸೆಕ್ಯುರಿಟಿಯವರು ಬಿಡ್ತಾರಾ ಅಂತ ಮೊದಲೇ ಕೇಳಿ). ಅಲುಗಿದಾಗ ಹೆಣಿಗೆಯ ಮನೆ ಎಣಿಸ್ತಿದ್ದೆ. ತಪ್ಪಿದರೆ ಬಿಚ್ಚೋದು, ಮತ್ತೆ ಹೆಣೆಯೋದು. ಟೊಪ್ಪಿ ಸೊಟ್ಟಗಿತ್ತು, ಮಗು ಹಾಕ್ಕೊಂಡಿತು.

ಎಲ್ಲರೂ ಭಯದ ಬಗ್ಗೆಯೇ ಬರೆದಿದ್ದಾರೆ, ಲಗೇಜ್ ಬಗ್ಗೆ ಯಾರೂ ಹೇಳಿಲ್ಲ. ಪಂದಿ ಕರಿ, ಪಂದಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗಬೇಡಿ, ಮಾಂಸ ಕೆನಡಾದೊಳಗೆ ಬಿಡೋದಿಲ್ಲ. ಕಾಚಂಪುಳಿ (ನಮ್ಮ ಅಡುಗೆಯ ಹುಳಿ ರಸ) ಬಾಟಲಿ ಕೈಚೀಲದಲ್ಲಿ ಇಟ್ಟರೆ ಬೆಂಗಳೂರಲ್ಲೇ ತೆಗೆಸ್ತಾರೆ, 100 ಎಂಎಲ್‌ಗಿಂತ ಜಾಸ್ತಿ ದ್ರವ ಬಿಡಲ್ಲ. ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಎರಡು ಕವರ್ ಸುತ್ತಿ, ಸೀರೆ ನಡುವೆ ಇಟ್ಟು ದೊಡ್ಡ ಪೆಟ್ಟಿಗೆಗೆ ಹಾಕಿ. ಕಾಳುಮೆಣಸು, ಬಾಣಂತಿ ಲೇಹ್ಯ ಏನೇ ಒಯ್ದರೂ ಅಲ್ಲಿ ಇಳಿದ ಮೇಲೆ ಕೇಳುವ ಪ್ರಶ್ನೆಯಲ್ಲಿ ತಿನ್ನುವ ವಸ್ತು ಇದೆ ಅಂತಲೇ ಹೇಳಿ. ಮುಚ್ಚಿಟ್ಟರೆ ದಂಡ. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟಿನ ಪ್ರತಿ ಕಾಗದದ ಮೇಲೆ ಕೈಚೀಲದಲ್ಲಿರಲಿ. ಫೋನಿನ ಚಾರ್ಜ್ ನಂಬಬೇಡಿ.
— ಪೊನ್ನಂಪೇಟೆಯ ಅಜ್ಜಿ