ಬಾಗ್‌ಬಜಾರಿನ ಗಲ್ಲಿಯಲ್ಲಿ ನಿವೇದಿತಾ ಶಾಲೆ ತೆರೆದದ್ದೇಕೆ?

ಪ್ರಶ್ನೆ
ಬರುವ ಚಳಿಗಾಲದಲ್ಲಿ ಕೋಲ್ಕತ್ತಕ್ಕೆ ಹೋಗುವವನಿದ್ದೇನೆ. ಸ್ವಾಮಿ ವಿವೇಕಾನಂದರ ಐರಿಷ್ ಶಿಷ್ಯೆ ಸೋದರಿ ನಿವೇದಿತಾ ಅವರು 1898ರ ನವೆಂಬರ್ 13ರಂದು, ಕಾಳೀಪೂಜೆಯ ದಿನ, ಶಾರದಾದೇವಿಯವರ ಕೈಯಿಂದ ಪೂಜೆ ಮಾಡಿಸಿ ಹೆಣ್ಣುಮಕ್ಕಳ ಶಾಲೆ ತೆರೆದ ಬಾಗ್‌ಬಜಾರನ್ನು ನೋಡುವ ಆಸೆಯಿದೆ. ನನ್ನ ಸಂದೇಹವಿಷ್ಟೆ: ಅದೇ ಉತ್ತರ ಕಲ್ಕತ್ತೆಯ ಹೆದುವಾ ಕೆರೆಯ ಬಳಿ ಹೆಣ್ಣುಮಕ್ಕಳ ಬೆಥೂನ್ ಶಾಲೆ ಆ ಹೊತ್ತಿಗಾಗಲೇ ಹೆಸರಾಗಿತ್ತು. ಹಾಗಿರುವಾಗ ಇಕ್ಕಟ್ಟಾದ ಬೋಸ್‌ಪಾಡಾ ಗಲ್ಲಿಯ ಮನೆಯೊಂದರಲ್ಲಿ ಇನ್ನೊಂದು ಶಾಲೆ ಏಕೆ ಬೇಕಾಯಿತು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1
ಬೆಥೂನ್ ಶಾಲೆ 1849ರಲ್ಲಿ 21 ಹುಡುಗಿಯರೊಂದಿಗೆ ಆರಂಭವಾಯಿತು. ಮಕ್ಕಳನ್ನು ಕರೆತರುವ ಗಾಡಿಯ ಮೈಮೇಲೆ ಸಮಾಜಸುಧಾರಕ ಈಶ್ವರಚಂದ್ರ ವಿದ್ಯಾಸಾಗರರು ‘ಕನ್ಯಾಪ್ಯೇವಂ ಪಾಲನೀಯಾ ಶಿಕ್ಷಣೀಯಾತಿಯತ್ನತಃ’ ಎಂಬ ಶ್ಲೋಕವನ್ನು ಬರೆಸಿದ್ದರು. ಮಗಳನ್ನೂ ಮಗನಂತೆಯೇ ಸಾಕಿ, ಬಹು ಪ್ರಯತ್ನದಿಂದ ಓದಿಸಬೇಕೆಂಬ ಶಾಸ್ತ್ರದ ಅಪ್ಪಣೆ ಹೀಗೆ ಬೀದಿಬೀದಿ ಸುತ್ತಿದರೂ, ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಸೇರಿಸಿದ ಪಂಡಿತ ಮದನಮೋಹನ ತರ್ಕಾಲಂಕಾರರಿಗೆ ಬಹಿಷ್ಕಾರ ತಪ್ಪಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಬಾಗ್‌ಬಜಾರಿನ ಮಡಿವಂತ ಮನೆಗಳ ಹೊಸ್ತಿಲು ಎತ್ತರವಾಗಿಯೇ ಇತ್ತು. ಗಾಡಿ ಕಳುಹಿಸುವ ಬದಲು ಶಾಲೆಯನ್ನೇ ಅವರ ಓಣಿಗೆ ತಂದದ್ದು, ತಾವೂ ಅಲ್ಲಿಯೇ ನೆಲೆಸಿ ಮನೆಮನೆಯ ಬಾಗಿಲು ತಟ್ಟಿ ಮಕ್ಕಳನ್ನು ಕೇಳಿ ಪಡೆದದ್ದು ನಿವೇದಿತಾ ಅವರ ಹೆಚ್ಚುಗಾರಿಕೆ.

ಉತ್ತರ 2
ಮೇಲಿನವರ ಮಾತು ಸರಿ, ಆದರೆ ದೂರವೊಂದೇ ಕಾರಣವಲ್ಲ. ಬಿಳಿಯ ಹೆಂಗಸಿನ ಕೈಗೆ ಮಗಳನ್ನು ಒಪ್ಪಿಸಲು ನಂಬಿಕೆ ಬೇಕಿತ್ತು. 1899ರ ಪ್ಲೇಗಿನಲ್ಲಿ ನಿವೇದಿತಾ ಅವರು ತಾವೇ ಪೊರಕೆ ಹಿಡಿದು ಓಣಿ ಗುಡಿಸಲು ನಿಂತಾಗ, ನೋಡುತ್ತ ನಿಂತಿದ್ದ ತರುಣರು ನಾಚಿ ಪೊರಕೆ ಕೈಗೆತ್ತಿಕೊಂಡರಂತೆ. ಆ ನಂಬಿಕೆ ಹುಟ್ಟಿದ್ದು ಪಾಠದ ಕೋಣೆಗಿಂತ ಹೆಚ್ಚಾಗಿ ಬೀದಿಯಲ್ಲಿ ಎಂದೇ ನನ್ನ ಎಣಿಕೆ. 1903ರಲ್ಲಿ ವಿವೇಕಾನಂದರ ಇನ್ನೊಬ್ಬ ಶಿಷ್ಯೆ ಸೋದರಿ ಕ್ರಿಸ್ಟೀನ್ ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಗೃಹಿಣಿಯರೂ ವಿಧವೆಯರೂ ಮನೆಗೆಲಸ ಮುಗಿಸಿ ಓದು, ಹೊಲಿಗೆ ಕಲಿಯಲು ಬರತೊಡಗಿದರು.

ಉತ್ತರ 3
ನಾನು ಉತ್ತರ ಕೋಲ್ಕತ್ತದಲ್ಲಿ ಕೆಲವು ವರ್ಷ ಇದ್ದವಳು. ಶ್ಯಾಮ್‌ಬಜಾರ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಿ. ಶಾಲೆ ಹುಟ್ಟಿದ ಮನೆ ಈಗ ಸಂಗ್ರಹಾಲಯವಾಗಿದೆ. 1909ರಿಂದ ಶಾರದಾದೇವಿಯವರು ವಾಸವಾಗಿದ್ದ ‘ಮಾಯೇರ್ ಬಾಡಿ’ (ತಾಯಿಯ ಮನೆ) ಅಲ್ಲಿಂದ ಹತ್ತಿರವೇ. ದಾರಿಯುದ್ದಕ್ಕೂ ಹಳೆಯ ಮನೆಗಳ ಮುಂದೆ ಅಲ್ಲಿನವರು ‘ರಕ್’ ಎನ್ನುವ, ನಮ್ಮ ಜಗಲಿಕಟ್ಟೆಯಂಥ ಕಟ್ಟೆಗಳಿವೆ; ಸಂಜೆ ಮುದುಕರು ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಅಲ್ಲಿ ಹರಟುತ್ತಾರೆ. ದಾರಿ ಕೇಳಬೇಕಾದದ್ದು ಅವರನ್ನೇ. ಗಂಗೆಯ ಘಾಟಿಗೆ ಇಳಿಯುವಾಗ ಚಕ್ರರೈಲಿನ (ಸರ್ಕ್ಯುಲರ್ ರೈಲ್ವೆ) ಹಳಿ ದಾಟಬೇಕಾಗುತ್ತದೆ, ಎರಡೂ ಕಡೆ ನೋಡಿಕೊಳ್ಳಿ. ನಿವೇದಿತಾ ಗಲ್ಲಿಯಲ್ಲಿರುವ ಶಾಲೆ ಇಂದಿಗೂ ನಡೆಯುತ್ತಿದೆ. ಅಲ್ಲಿ ಒಳಗೆ ಹೋಗಲು ಮೊದಲೇ ಅನುಮತಿ ಕೇಳಿ, ಹುಡುಗಿಯರ ಫೋಟೋ ಮಾತ್ರ ತೆಗೆಯಬೇಡಿ.