ಹನ್ನೊಂದು ದಿನ, ಏಳು ದೇಶ: ನಮ್ಮ ಮನೆಯ ವಾಟ್ಸಾಪ್ ಗುಂಪಿನ ಚರ್ಚೆ

ಕಾಕಾ: ಮೇಲೆ ಹಾಕಿರುವ ಕರಪತ್ರವನ್ನು ಎಲ್ಲರೂ ಪೂರ್ತಿಯಾಗಿ ಓದಿರಿ. ಮೇ ತಿಂಗಳಲ್ಲಿ ಹನ್ನೊಂದು ದಿನಗಳ ಯುರೋಪ್ ಪ್ರವಾಸ, ಏಳು ದೇಶಗಳು. ವಿಮಾನ, ಹೋಟೆಲ್, ವೀಸಾ, ಎರಡು ಹೊತ್ತಿನ ಸಸ್ಯಾಹಾರಿ ಊಟ ಎಲ್ಲವೂ ಸೇರಿದೆ. ಮಕ್ಕಳನ್ನು ಹಿಡಿದು ನಾವು ಎಂಟು ಜನ ಆಗುತ್ತೇವೆ. ಈ ರವಿವಾರದೊಳಗೆ ಮುಂಗಡ ಕೊಡಬೇಕು.

ಅಕ್ಕ: ನನ್ನ ಒಪ್ಪಿಗೆ ಇದೆ, ಕಾಕಾ. ಮಕ್ಕಳ ಸೂಟಿ ಮುಗಿಯುವುದರೊಳಗೆ ಧಾರವಾಡಕ್ಕೆ ಮರಳಿ ಬಂದರೆ ಸಾಕು.

ನಾನು: ಕಾಕಾ, ನೀವು ಇಷ್ಟು ಮುತುವರ್ಜಿಯಿಂದ ವಿಚಾರಿಸಿದ್ದೀರಿ ಎಂಬುದು ನನಗೆ ಗೊತ್ತಿದೆ. ಆದರೂ ಮುಂಗಡ ಕೊಡುವ ಮೊದಲು ಮೂರನೆಯ ಪುಟದ ಸಣ್ಣ ಅಕ್ಷರಗಳನ್ನು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಪ್ಯಾರಿಸ್ಸಿನ ದಿನದ ಎದುರು ‘ಲೂವ್ರ್ ವಸ್ತುಸಂಗ್ರಹಾಲಯ, ಹೊರಗಿನಿಂದ ವೀಕ್ಷಣೆ’ ಎಂದು ಬರೆದಿದ್ದಾರೆ. ಆ ದಿನ ಮಂಗಳವಾರ, ಮಂಗಳವಾರ ಲೂವ್ರ್‌ಗೆ ರಜೆ. ನಾವು ಬೇರೆಯಾಗಿ ಟಿಕೆಟ್ ತೆಗೆಸಿ ಒಳಗೆ ಹೋಗುತ್ತೇವೆಂದರೂ ಸಾಧ್ಯವಿಲ್ಲ. ಅದರ ಮರುದಿನವೇ ಬಸ್ಸಿನಲ್ಲಿ ಸ್ವಿಟ್ಜರ್ಲೆಂಡಿಗೆ ಪ್ರಯಾಣ. ಯುರೋಪಿನ ಕಾಯ್ದೆಯಂತೆ ಚಾಲಕ ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ಅದು ಒಳ್ಳೆಯ ಕಾಯ್ದೆಯೇ, ಆದರೆ ಊಟದ ನಿಲುಗಡೆ, ಹೋಟೆಲುಗಳಲ್ಲಿ ಸಾಮಾನು ಏರಿಸಿ ಇಳಿಸುವುದು ಎಲ್ಲ ಸೇರಿದರೆ ನಮ್ಮ ಒಂದು ಇಡೀ ದಿನ ಹೆದ್ದಾರಿಯ ಮೇಲೆಯೇ ಹೋಗುತ್ತದೆ. ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದರೆ ಸುಮಾರು ನಾಲ್ಕು ತಾಸಿನಲ್ಲಿ ಜ್ಯೂರಿಕ್ ಮುಟ್ಟುತ್ತೇವೆ.

ನನ್ನ ಮುಖ್ಯ ಚಿಂತೆ ಅವ್ವನದು. ಕಳೆದ ಶ್ರಾವಣದಲ್ಲಿ ಸಿದ್ಧಾರೂಢ ಮಠಕ್ಕೆ ಹೋದಾಗ ಆಕೆ ನಡುದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತು, ಎರಡೂ ಕೈಯಿಂದ ಮೊಣಕಾಲು ಒತ್ತಿಕೊಳ್ಳುತ್ತ, ‘ನೀವು ಮುಂದ ನಡೀರಿ, ನಾ ಇಲ್ಲೇ ಕೂತಿರ್ತೀನಿ’ ಎಂದದ್ದು ನಿಮಗೆ ನೆನಪಿರಬೇಕು. ನಲವತ್ತು ಜನರ ಬಸ್ಸು ಒಬ್ಬರ ಮೊಣಕಾಲಿಗಾಗಿ ನಿಲ್ಲಲಾರದು, ನಿಲ್ಲಬೇಕೆಂದು ಕೇಳುವುದೂ ನ್ಯಾಯವಲ್ಲ. ಆದ್ದರಿಂದ ಏಳು ದೇಶ ಬಿಟ್ಟು ಎರಡೇ ದೇಶ ಇಟ್ಟುಕೊಳ್ಳೋಣ, ಎಲ್ಲವನ್ನೂ ನಾವೇ ಬುಕ್ ಮಾಡೋಣ ಎಂಬುದು ನನ್ನ ಸಲಹೆ. ಪ್ಯಾರಿಸ್ಸಿನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಒಂದೇ ಮನೆ ಹಿಡಿದು ಆರು ರಾತ್ರಿ. ಸ್ವಿಸ್ ಟ್ರಾವೆಲ್ ಪಾಸ್ ತೆಗೆಸಿದರೆ ರೈಲು, ಬಸ್ಸು, ಸರೋವರದ ದೋಣಿ ಮೂರಕ್ಕೂ ನಡೆಯುತ್ತದೆ. ತಂದೆತಾಯಿಯ ಜೊತೆಗಿದ್ದರೆ ಅಕ್ಕನ ಇಬ್ಬರೂ ಮಕ್ಕಳಿಗೆ, ಹದಿನಾರು ತುಂಬಿಲ್ಲವಾದ್ದರಿಂದ, ಫ್ಯಾಮಿಲಿ ಕಾರ್ಡಿನ ಮೇಲೆ ಪ್ರಯಾಣ ಉಚಿತ. ಹುಡುಗರು 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ ಹೋಗಿ ಬರಲಿ. ಅಷ್ಟು ಎತ್ತರ ಅವ್ವನಿಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಡಾಕ್ಟರರನ್ನು ಕೇಳಿಯೇ ನಿರ್ಧರಿಸೋಣ. ಬೇಡವೆಂದರೆ ಬ್ರಿಯೆಂಜ್ ಸರೋವರದ ದೋಣಿಯಲ್ಲಿ ಕುಳಿತರೂ ಸಾಕು, ನಡೆಯದೆಯೇ ಬೆಟ್ಟಗಳು ಕಾಣುತ್ತವೆ.

ಅಕ್ಕ: ಹೇಳುವುದು ಸುಲಭ. ಹೋದ ಸಲ ಇಟಲಿಯಲ್ಲಿ ನೀನು ರೈಲಿನಲ್ಲಿ ದಂಡ ಕಟ್ಟಿದ್ದನ್ನು ಕಾಕಾ ಅವರಿಗೆ ಹೇಳಿದ್ದೀಯಾ?

ನಾನು: ಆ ತಪ್ಪು ನನ್ನದೇ, ಅಕ್ಕಾ. ಅಲ್ಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಯಂತ್ರಕ್ಕೆ ಕೊಟ್ಟು ಮುದ್ರೆ ಹಾಕಿಸಬೇಕು. ನಾನು ಹಾಗೆ ಮಾಡಿರಲಿಲ್ಲ. ಸ್ವತಃ ಬುಕ್ ಮಾಡಿದರೆ ಇಂತಹ ನಿಯಮಗಳನ್ನು ನಾವೇ ಓದಿಕೊಳ್ಳಬೇಕು, ಮರೆತರೆ ನಾವೇ ತೆರಬೇಕು. ಅದನ್ನು ಮುಚ್ಚಿಟ್ಟು ನಿಮ್ಮನ್ನು ಒಪ್ಪಿಸುವ ಇಚ್ಛೆ ನನಗಿಲ್ಲ.

ಕಾಕಾ: ರೈಲಿನ ಲೆಕ್ಕವನ್ನು ನಾನು ಒಪ್ಪುತ್ತೇನೆ. ದಂಡ ದೊಡ್ಡ ಮಾತಲ್ಲ. ನನ್ನ ಪ್ರಶ್ನೆ ಬೇರೆ ಇದೆ. ಆರು ವರ್ಷಗಳ ಹಿಂದೆ ನಾವಿಬ್ಬರೂ ಪ್ಯಾಕೇಜಿನಲ್ಲಿ ಹೋದಾಗ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಿನ್ನ ಕಾಕುವಿಗೆ ರಾತ್ರಿ ವಿಪರೀತ ಹೊಟ್ಟೆನೋವು ಬಂತು. ನನಗೆ ಜರ್ಮನ್ ಬರುವುದಿಲ್ಲ, ಕೈಕಾಲು ಆಡದಂತಾಗಿತ್ತು. ಟೂರ್ ಮ್ಯಾನೇಜರ್ ಆಗಿದ್ದ ಆ ಹುಡುಗ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅರ್ಜಿ ತುಂಬಿ, ವಿಮೆಯವರಿಗೆ ಫೋನು ಮಾಡಿ, ರಾತ್ರಿ ಎರಡು ಗಂಟೆಯವರೆಗೆ ಬಾಗಿಲ ಹೊರಗೆ ಕುಳಿತಿದ್ದ. ನಮ್ಮ ವೈನಿಗೆ, ಅಂದರೆ ನಿನ್ನ ಅವ್ವನಿಗೆ, ಹಾಗೇನಾದರೂ ಆದರೆ ನಿನ್ನ ಏರ್ಪಾಡಿನಲ್ಲಿ ಆ ಹುಡುಗನ ಜಾಗದಲ್ಲಿ ಯಾರಿರುತ್ತಾರೆ?

ಕಾಕು: ಆ ರಾತ್ರಿಯ ಮಾತು ನಿಜ, ಆ ಹುಡುಗನನ್ನು ನಾನು ಮರೆಯಲಾರೆ. ಆದರೆ ಮರುದಿನದ ಮಾತನ್ನೂ ಹೇಳಬೇಕು. ಬೆಳಗ್ಗೆ ಎಂಟಕ್ಕೆ ಬಸ್ಸು ವೆನಿಸ್ಸಿಗೆ ಹೊರಟಿತು, ಆತನೂ ಹೋಗಲೇಬೇಕಾಯಿತು. ನಾವಿಬ್ಬರೇ ಉಳಿದೆವು. ಎರಡು ದಿನಗಳ ನಂತರ ನಾವೇ ರೈಲು ಹಿಡಿದು ಗುಂಪನ್ನು ಕೂಡಿಕೊಂಡೆವು, ಆ ಟಿಕೆಟ್ಟಿನ ದುಡ್ಡು ನಮ್ಮದೇ ಹೋಯಿತು.

ನಾನು: ಕಾಕಾ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ತುರ್ತು ಕರೆಗೆ 112 ಇದೆ, ವಿಮೆಯವರ ಸಹಾಯವಾಣಿ ಇರುತ್ತದೆ. ಆದರೆ ಫೋನ್ ನಂಬರು ಬಾಗಿಲ ಹೊರಗೆ ಕುಳಿತ ಮನುಷ್ಯನಿಗೆ ಸಮವಲ್ಲ. ನಾನು ಕೊಡಬಹುದಾದದ್ದು ಇಷ್ಟೇ: ಒಂದೇ ಊರಿನಲ್ಲಿ ಆರು ರಾತ್ರಿ ತಂಗಿದ್ದರೆ ಯಾರಿಗೆ ಏನಾದರೂ ಬೆಳಗ್ಗೆ ಎಂಟಕ್ಕೆ ಹೊರಡಬೇಕಾದ ಬಸ್ಸಿರುವುದಿಲ್ಲ, ಅವ್ವನ ಬಳಿ ಕುಳಿತುಕೊಳ್ಳುವವನು ನಾನು.

ಅಕ್ಕ: ವೀಸಾದ ಓಡಾಟ ಯಾರು ಮಾಡುತ್ತಾರೆ? ಪ್ಯಾಕೇಜಿನವರು ಎಲ್ಲವನ್ನೂ ಮಾಡಿಕೊಡುತ್ತಾರೆ.

ನಾನು: ಕಾಗದಪತ್ರ ಜೋಡಿಸಿಕೊಡುತ್ತಾರೆ, ಅಷ್ಟೇ. ಬೆರಳಚ್ಚು ಕೊಡಲು ಹೇಗಿದ್ದರೂ ನಾವೇ ಹೋಗಬೇಕು, ಹನ್ನೆರಡು ತುಂಬದ ಕಿರಿಯವನಿಗೆ ಮಾತ್ರ ಅದರಿಂದ ವಿನಾಯಿತಿ. ಯುರೋಪಿನ ಹಲವು ದೇಶಗಳಿಗೆ ಒಂದಾಗಿ ನಡೆಯುವ ಶೆಂಗೆನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೊಂದು ವರ್ಷದವರಿಗೆ 45; ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆಯೂ ಬೇಕು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೇವೆಯೋ ಆ ದೇಶಕ್ಕೆ ಅರ್ಜಿ ಹಾಕಬೇಕಾದ್ದರಿಂದ ನಮ್ಮದು ಸ್ವಿಟ್ಜರ್ಲೆಂಡಿಗೆ ಹೋಗುತ್ತದೆ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಅರ್ಜಿ ತುಂಬುವ ಕೆಲಸವನ್ನಷ್ಟೇ ಹುಬ್ಬಳ್ಳಿಯ ಯಾರಾದರೂ ಏಜೆಂಟರಿಗೆ ದುಡ್ಡು ಕೊಟ್ಟು ಮಾಡಿಸೋಣ; ಅದರಲ್ಲಿ ಹಟ ಹಿಡಿಯುವುದಿಲ್ಲ. ವೀಸಾ ಕೈಗೆ ಬರುವವರೆಗೆ ಹೋಟೆಲುಗಳನ್ನು ರದ್ದು ಮಾಡಬಹುದಾದ ರೀತಿಯಲ್ಲೇ ಕಾಯ್ದಿರಿಸುತ್ತೇನೆ.

ಕಾಕು: ಅಡಿಗೆಮನೆ ಇರುವ ಮನೆಯನ್ನೇ ನೋಡು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ನಾನು ಕಟ್ಟಿಕೊಳ್ಳುತ್ತೇನೆ. ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯಲು ಬಿಡುವುದಿಲ್ಲ, ತುಪ್ಪದ ಡಬ್ಬಿ ಈ ಸಲ ಬೇಡ.

ಕಾಕಾ: ಎಲ್ಲಕ್ಕಿಂತ ಮೊದಲು ವೈನಿಯ ಪಾಸ್‌ಪೋರ್ಟಿನ ಅವಧಿ ಯಾವಾಗ ಮುಗಿಯುತ್ತದೆ, ಯಾರಾದರೂ ನೋಡಿದ್ದೀರಾ?

ನಾನು: ಈಗ ಟ್ರಂಕಿನಿಂದ ತೆಗೆದು ನೋಡಿದೆ, ಕಾಕಾ. ಜುಲೈ 12ಕ್ಕೆ ಮುಗಿಯುತ್ತದೆ. ಯುರೋಪಿನಿಂದ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳ ಅವಧಿ ಉಳಿದಿರಬೇಕಾದ್ದರಿಂದ, ಪ್ಯಾಕೇಜ್ ಆಗಲಿ ನಮ್ಮದಾಗಲಿ, ಇದರ ಮೇಲೆ ವೀಸಾ ಸಿಗುವುದಿಲ್ಲ.

ಕಾಕಾ: ಹಾಗಿದ್ದರೆ ಈ ರವಿವಾರ ಮುಂಗಡ ಕೊಡುವುದನ್ನು ನಿಲ್ಲಿಸುತ್ತೇನೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೇಗನೆ ಒಂದು ದಿನ ಗೊತ್ತು ಮಾಡು. ವೈನಿಯನ್ನು ಕಾರಿನಲ್ಲಿ ನಾನು ಕರೆದುಕೊಂಡು ಹೋಗುತ್ತೇನೆ. ಅಷ್ಟರೊಳಗೆ ನಿನ್ನ ಹತ್ತು ರಾತ್ರಿಗಳ ಖರ್ಚನ್ನು, ವಿಮೆ ಮತ್ತು ಊಟವನ್ನು ಬಿಡದೆ, ಒಂದು ಹಾಳೆಯಲ್ಲಿ ಬರೆದು ಇಲ್ಲಿ ಹಾಕು. ಕರಪತ್ರದ ಪಕ್ಕದಲ್ಲಿಟ್ಟು ನೋಡುತ್ತೇನೆ.