ಅಪ್‌ಡೇಟ್: ಪಾಲಿಸ್ಟೈರೀನ್ ಜೇನುಪೆಟ್ಟಿಗೆ ಮರದ ಪೆಟ್ಟಿಗೆ ಜೊತೆ ಹೊಂದಿತು

ಇಂಗ್ಲೆಂಡಿನಲ್ಲಿರುವ ನನ್ನ ಮರದ ನ್ಯಾಷನಲ್ (ಅಲ್ಲಿನ ಒಂದು ಜೇನುಪೆಟ್ಟಿಗೆ ಮಾದರಿ) ಪೆಟ್ಟಿಗೆಗಳಿಗೆ ಯಾವ ಪಾಲಿಸ್ಟೈರೀನ್ (ಗಟ್ಟಿ ಥರ್ಮೋಕೋಲ್) ಪೆಟ್ಟಿಗೆ ಹೊಂದುತ್ತದೆ ಅಂತ ಕೇಳಿದ್ದೆ ಅಲ್ವಾ, ಸಹಾಯ ಮಾಡಿದ ಎಲ್ಲರಿಗೂ ಥ್ಯಾಂಕ್ಸ್.

ಫ್ರೇಮ್‌ಗಳು (ಜೇನು ಎರಿ ಕಟ್ಟುವ ಚೌಕಟ್ಟುಗಳು) ಸರಿಯಾಗಿ ಕೂತವು. ತೊಂದರೆ ಬಂದದ್ದು ಸಂದಿನಲ್ಲಿ. ಮರದ ನ್ಯಾಷನಲ್‌ನಲ್ಲಿ ಜೇನು ಓಡಾಡುವ 6ರಿಂದ 8 ಮಿ.ಮೀ. ಜಾಗ ಫ್ರೇಮ್‌ನ ಕೆಳಗಿರುತ್ತದೆ, ನಾನು ತಂದದ್ದರಲ್ಲಿ ಮೇಲಿತ್ತು. ಅದರ ಮೇಲೆ ಮರದ ಜೇನು ಕೋಣೆ (ಜೇನುತುಪ್ಪ ಕೂಡಿಡುವ ಮೇಲಿನ ಪೆಟ್ಟಿಗೆ) ಇಟ್ಟಾಗ ಎರಡೂ ಸೇರಿ ದೊಡ್ಡ ಸಂದಾಯಿತು, ಹತ್ತೇ ದಿನದಲ್ಲಿ ಅಲ್ಲೆಲ್ಲ ಎರಿ ಕಟ್ಟಿಬಿಟ್ಟಿದ್ದವು. ಎತ್ತಿದ ಕೂಡಲೇ ಎರಿ ಹರಿದು ಜೇನು ಸುರಿಯಿತು, ನೋಡಿ ತುಂಬ ಬೇಜಾರಾಯಿತು.

ಫ್ರೇಮ್ ಕೂರುವ ಅಂಚಿಗೆ 8 ಮಿ.ಮೀ. ಮರದ ಪಟ್ಟಿ ಹಾಕಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ದರಲ್ಲ, ಅದೇ ಕೆಲಸ ಮಾಡಿತು: ಫ್ರೇಮ್ ಮೇಲೆದ್ದು ಸಂದು ಕೆಳಗೆ ಹೋಯಿತು. ಎರಡು ಪೆಟ್ಟಿಗೆ ಸೇರುವ ಕಡೆ ಹೊರಗಿನಿಂದ ಟೇಪ್ ಸುತ್ತುವ ಉಪಾಯ ಮಾತ್ರ ಆಗಲಿಲ್ಲ: ಪಾಲಿ ಪೆಟ್ಟಿಗೆಯ ಗೋಡೆ ದಪ್ಪ, ಹಾಗಾಗಿ ಹೊರ ಅಳತೆ ದೊಡ್ಡದು, ಮರದ ಪೆಟ್ಟಿಗೆಯ ಹೊರ ಅಳತೆ 460 ಮಿ.ಮೀ. ಅಷ್ಟೇ, ಆ ಮೆಟ್ಟಿಲಲ್ಲಿ ಮಳೆನೀರು ನಿಂತು ಟೇಪ್ ಎದ್ದುಬಂತು.

ಇನ್ನೊಂದು, ರೋಗಾಣು ಸಾಯಲಿ ಅಂತ ಮರದ್ದರ ಹಾಗೆ ಪಾಲಿ ಪೆಟ್ಟಿಗೆಯನ್ನು ಬ್ಲೋಟಾರ್ಚ್ ಹಿಡಿದು ಸುಡೋಕಾಗಲ್ಲ, ಕರಗುತ್ತದೆ. ವಾಷಿಂಗ್ ಸೋಡಾದಲ್ಲಿ ತೊಳೆಯಬೇಕು. ಹೊರಗೆ ಪೇಂಟ್ ಹೊಡೆಯಿರಿ, ಇಲ್ಲದಿದ್ದರೆ ಬಿಸಿಲಿಗೆ ಪುಡಿಯಾಗುತ್ತದೆ. ತರುವ ಮೊದಲು ಸಂದು ಮೇಲಿದೆಯೋ ಕೆಳಗಿದೆಯೋ ಕೇಳಿಕೊಳ್ಳಿ.